ಮೋಟಾರು ಕಾರಿನ ತಂತಿಗಳ ಕಥೆ

ನಿಮ್ಮ ಮನೆಯ ಅಟ್ಟದ ಮೇಲೆ ಹಿರಿಯರ ಕಾಲದ ವಾಲ್ವ್ ರೇಡಿಯೋ ಪೆಟ್ಟಿಗೆ ಉಳಿದಿದ್ದರೆ, ಒಮ್ಮೆ ಅದರ ಹಿಂದಿನ ರಟ್ಟನ್ನು ಕಳಚಿ ನೋಡಿ; ಪ್ಲಗ್ಗನ್ನು ಮಾತ್ರ ಗೋಡೆಗೆ ಸಿಕ್ಕಿಸಬೇಡಿ. ಒಳಗಿನ ಎಷ್ಟೋ ತಂತಿಗಳ ಮೇಲೆ ನೂಲಿನ ಹೊದಿಕೆ, ಆ ಹೊದಿಕೆಯ ಒಳಗೆ ರಬ್ಬರು ಕಾಣುತ್ತದೆ. ಬೆರಳಿನಿಂದ ತುಸು ಬಾಗಿಸಿದರೆ ಸಾಕು, ರಬ್ಬರು ಪುಡಿಯಾಗಿ ಉದುರಿ ತಾಮ್ರ ಬೆತ್ತಲಾಗುತ್ತದೆ. ಅದೇ ವರ್ಷಗಳಲ್ಲಿ ತಯಾರಾದ ಮೋಟಾರು ಕಾರುಗಳ ಒಳಗೂ ಇದ್ದುದು ಇದೇ ಜಾತಿಯ ತಂತಿಯೇ. ರೇಡಿಯೋ ಪೆಟ್ಟಿಗೆಯಾದರೋ ನಡುಮನೆಯ ನೆರಳಿನಲ್ಲಿ ಕುಳಿತು ಮುದಿಯಾಯಿತು. ಕಾರಿನ ತಂತಿಗೆ ಆ ಭಾಗ್ಯವಿರಲಿಲ್ಲ. ಎಂಜಿನ್ನಿನ ಕಾವು, ಎಣ್ಣೆಯ ಪಸೆ, ಮಳೆಯ ನೀರು, ರಸ್ತೆಯ ಕುಲುಕಾಟ, ಸಾಲದ್ದಕ್ಕೆ ಷೆಡ್ಡಿನ ಇಲಿಗಳು, ಇಷ್ಟನ್ನೂ ತಿಂದುಕೊಂಡು ಅದು ಮುದಿಯಾಯಿತು.

ಹಳೆಯ ಕಾರುಗಳನ್ನು ಹುಡುಕಿ ತಂದು ಮತ್ತೆ ಓಡುವಂತೆ ಮಾಡುವ ಹವ್ಯಾಸ ಈಗ ನಮ್ಮ ದೇಶದಲ್ಲಿಯೂ ಬೆಳೆದಿದೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡಿಯೇ ಇರುತ್ತೀರಿ. ಇಂಥ ಕಾರಿನ ಮುಂದೆ ನಿಂತಾಗ ಕಣ್ಣು ಮೊದಲು ಹೋಗುವುದು ಬಣ್ಣಕ್ಕೆ, ನಿಕ್ಕಲ್ ಹೊಳಪಿಗೆ, ಚರ್ಮದ ಆಸನಕ್ಕೆ. ದುರಸ್ತಿ ಮಾಡಿಸುವವನ ಹಣವೂ ಮೊದಲು ಅಲ್ಲಿಗೇ ಹೋಗುತ್ತದೆ. ತಂತಿಗಳ ಸರದಿ ಬರುವುದು ಕೊನೆಗೆ. ಆದರೆ ಅವು ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ಸಾಯುವ ಭಾಗ. ಸತ್ತರೂ ಹೊರಗೆ ತೋರದ ಭಾಗ. ಹೊಸ ಬಣ್ಣದ ಕೆಳಗೆ ಸತ್ತ ತಂತಿಯನ್ನು ಉಳಿಸಿಕೊಂಡ ಕಾರು, ಒಲೆಯ ಪಕ್ಕದಲ್ಲಿಟ್ಟ ಹುಲ್ಲಿನ ಮೆದೆಯಂತೆ. ಈ ತಂತಿಗಳ ಕಥೆಯನ್ನು ಮೊದಲಿನಿಂದ ತಿಳಿದುಕೊಂಡರೆ, ಅವುಗಳನ್ನು ಏಕೆ ಬದಲಿಸಬೇಕು, ಬದಲಿಸುವಾಗ ಯಾವುದನ್ನು ಕಳೆದುಕೊಳ್ಳಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಮೊದಲ ಕಾರುಗಳಲ್ಲಿ ತಂತಿಯೆಂಬುದು ಹೆಸರಿಗೆ ಮಾತ್ರ ಇತ್ತು. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟು ಪಡೆದಾಗ, ಅದರ ಸಿಲಿಂಡರಿನಲ್ಲಿ ಕಿಡಿ ಹಾರಿಸಲು ಒಂದು ಬ್ಯಾಟರಿ, ಒಂದು ಕಂಪಿಸುವ ಕಾಯಿಲ್ ಇದ್ದವು; ಅವಕ್ಕೆ ಬೇಕಾದ ತಂತಿ ಕೆಲವು ಮೊಳ. ಅದೇ ಕಾಲದ ಡೈಮ್ಲರ್ ಎಂಜಿನ್ನಿನಲ್ಲಿ ಅದೂ ಇರಲಿಲ್ಲ. ಅಲ್ಲಿ ಒಂದು ಸಣ್ಣ ಕೊಳವೆಯನ್ನು ಬೆಂಕಿಯಿಂದ ಸದಾ ಕೆಂಪಗೆ ಕಾಯಿಸಿಟ್ಟಿರುತ್ತಿದ್ದರು. ಅದರ ಕಾವಿಗೇ ಪೆಟ್ರೋಲಿನ ಆವಿ ಹೊತ್ತಿಕೊಳ್ಳುತ್ತಿತ್ತು. 1897ರಲ್ಲಿ ರಾಬರ್ಟ್ ಬಾಷ್ ಮ್ಯಾಗ್ನೆಟೋ ಯಂತ್ರವನ್ನು ವಾಹನಕ್ಕೆ ಹೊಂದಿಸಿದ. 1902ರಲ್ಲಿ ಅವನ ಕಾರ್ಖಾನೆಯ ಗಾಟ್‌ಲಾಬ್ ಹೋನೋಲ್ಡ್ ಅದನ್ನು ಹೆಚ್ಚಿನ ಒತ್ತಡದ್ದಾಗಿ ಮಾಡಿ ಸ್ಪಾರ್ಕ್ ಪ್ಲಗ್ಗಿನೊಡನೆ ಜೋಡಿಸಿದ. ಈ ಬಾಷ್ ಹೆಸರು ಬೆಂಗಳೂರಿನವರಿಗೆ ಹೊಸದಲ್ಲ. 1951ರಲ್ಲಿ ಸ್ಥಾಪಿತವಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆ ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸಿದ್ದು ಆ ಮನೆತನದ ತಂತ್ರಜ್ಞಾನದಿಂದಲೇ. ಮ್ಯಾಗ್ನೆಟೋ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಬ್ಯಾಟರಿ ಬೇಡ. ಇನ್ನು ದೀಪಗಳೋ, ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ ಬರುವ ಅಸಿಟಲೀನ್ ಅನಿಲದಿಂದ ಉರಿಯುತ್ತಿದ್ದವು. ಹಾರನ್ನು ರಬ್ಬರಿನ ಬುರುಡೆ. ಎಂಜಿನ್ ಎಬ್ಬಿಸುವುದು ಹ್ಯಾಂಡಲಿನಿಂದ, ತೋಳಿನ ಬಲದಿಂದ. ಅಂಥ ಕಾರಿನಲ್ಲಿ ತಂತಿ ಕೆಟ್ಟಿತೆಂಬ ದೂರೇ ಹುಟ್ಟುವಂತಿರಲಿಲ್ಲ.

ಈ ಸ್ಥಿತಿಯನ್ನು ತಲೆಕೆಳಗು ಮಾಡಿದವನು ಅಮೆರಿಕದ ಒಹಾಯೋ ಸಂಸ್ಥಾನದ ಚಾರ್ಲ್ಸ್ ಕೆಟರಿಂಗ್. ಕಾರಿಗೆ ಬರುವ ಮುನ್ನ ಈತ ಅಂಗಡಿಗಳ ಹಣದ ಗಲ್ಲಾಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಕೂಡಿಸಿದ್ದ. ಗಲ್ಲಾ ತೆರೆಯಲು ಮೋಟಾರು ದಿನವಿಡೀ ದುಡಿಯಬೇಕಿಲ್ಲ, ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕು. ಒಂದು ಕ್ಷಣದ ದುಡಿಮೆಯೆಂದರೆ ಪುಟ್ಟ ಮೋಟಾರಿನಿಂದಲೇ ದೊಡ್ಡ ಕೆಲಸ ತೆಗೆಯಬಹುದು. ಎಂಜಿನ್ನನ್ನು ಎಬ್ಬಿಸುವುದೂ ಅಂಥದೇ ಕೆಲಸವಲ್ಲವೆ? ಹ್ಯಾಂಡಲು ಹಿಂದಕ್ಕೆ ಒದ್ದು ಮುಂಗೈ ಮುರಿದುಕೊಂಡವರು ಆಗ ಊರೂರಿನಲ್ಲಿ ಇದ್ದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಕೆಟರಿಂಗನ ಸೆಲ್ಫ್ ಸ್ಟಾರ್ಟರ್ ಬಂತು. ಎಂಜಿನ್ ಎಬ್ಬಿಸುವ ಯಂತ್ರವೇ ಎಂಜಿನ್ ಎದ್ದಮೇಲೆ ಡೈನಮೋ ಆಗಿ ಬ್ಯಾಟರಿಗೆ ವಿದ್ಯುತ್ತನ್ನು ತುಂಬುತ್ತಿತ್ತು. ಕಿಡಿಗೂ ದೀಪಕ್ಕೂ ಅದೇ ಬ್ಯಾಟರಿ. ಮೂರು ಬೇರೆ ಬೇರೆ ಕೆಲಸಗಳು ಒಂದೇ ಕಣಜದ ಆಶ್ರಯಕ್ಕೆ ಬಂದವು. ಹೆಂಗಸರೂ ವೃದ್ಧರೂ ಯಾರ ಹಂಗೂ ಇಲ್ಲದೆ ಕಾರು ಹೊರಡಿಸುವಂತಾದದ್ದು ಇದರಿಂದಲೇ. ಆದರೆ ಇದರ ಜೊತೆಗೆ ಇನ್ನೊಂದು ಸಂಗತಿಯೂ ನಡೆಯಿತು. ಆ ಕಣಜದಿಂದ ಪ್ರತಿ ದೀಪಕ್ಕೆ, ಪ್ರತಿ ಸ್ವಿಚ್ಚಿಗೆ, ಪ್ರತಿ ಉಪಕರಣಕ್ಕೆ ಒಂದೊಂದು ತಂತಿ ಎಳೆಯಬೇಕಾಯಿತು. ಕಾರಿಗೆ ನರಮಂಡಲ ಹುಟ್ಟಿಕೊಂಡಿತು.

ಮನೆಯ ದೀಪಕ್ಕೆ ಹೋಗುವ ತಂತಿ ಎರಡು, ಕಾರಿನ ದೀಪಕ್ಕೆ ಹೋಗುವುದು ಬಹುಮಟ್ಟಿಗೆ ಒಂದೇ. ಇನ್ನೊಂದು ಎಲ್ಲಿ ಎಂದು ನೀವು ಕೇಳಬಹುದು. ಕಾರಿನ ಉಕ್ಕಿನ ಮೈಯೇ ಎರಡನೆಯ ತಂತಿ. ಬ್ಯಾಟರಿಯ ಒಂದು ಕೊನೆಯನ್ನು ಮೈಗೆ ಬಿಗಿದುಬಿಟ್ಟರೆ, ದೀಪದಿಂದ ಹೊರಟ ಪ್ರವಾಹ ಮೈಯ ಮೂಲಕವೇ ಮನೆಗೆ ಮರಳುತ್ತದೆ. ನಮ್ಮ ಮೆಕ್ಯಾನಿಕ್ಕುಗಳು ಇದನ್ನು ಬಾಡಿ ಅರ್ತು ಎನ್ನುತ್ತಾರೆ. ತಾಮ್ರ ಅರ್ಧಕ್ಕರ್ಧ ಉಳಿಯಿತು. ಅಪಾಯವೂ ಜೊತೆಗೇ ಬಂತು: ತಂತಿಯ ಹೊದಿಕೆ ಎಲ್ಲೇ ಹರಿದರೂ ಅದು ತಾಗುವುದು ಕಾರಿನ ಮೈಯನ್ನೇ, ಎಂದರೆ ಬ್ಯಾಟರಿಯ ಇನ್ನೊಂದು ಕೊನೆಯನ್ನೇ. ಹನ್ನೆರಡು ವೋಲ್ಟು ನಿಮ್ಮ ಕೈಗೆ ಷಾಕು ಕೊಡಲಾರದು, ನಿಜ. ಆದರೆ ಅದೇ ಬ್ಯಾಟರಿ ಸೆಲ್ಫ್ ತಿರುಗಿಸುವಾಗ ನೂರಾರು ಆಂಪಿಯರುಗಳನ್ನು ಹೊರಡಿಸಬಲ್ಲದು ಎಂಬುದನ್ನು ಮರೆಯಬಾರದು. ಆ ಪ್ರವಾಹ ಒಂದು ಸಣ್ಣ ತಂತಿಯಲ್ಲಿ ಹರಿದರೆ ತಂತಿ ಕೆಂಡವಾಗಲು ಕೆಲವು ಕ್ಷಣ ಸಾಕು.

ಹತ್ತಾರು ತಂತಿಗಳನ್ನು ಬಿಡಿಬಿಡಿಯಾಗಿ ಹಾಯಿಸುವುದು ಕಾರ್ಖಾನೆಗೆ ಒಗ್ಗುವ ಕೆಲಸವಲ್ಲ. ಆದ್ದರಿಂದ ಅವನ್ನೆಲ್ಲ ಮೊದಲೇ ಅಳತೆಗೆ ಕತ್ತರಿಸಿ, ಒಟ್ಟುಗೂಡಿಸಿ, ಅಲ್ಲಲ್ಲಿ ಕವಲು ಬಿಟ್ಟು, ಮೇಲೆ ನೂಲಿನ ಹೆಣಿಗೆ ಹಾಕಿ ಒಂದೇ ಕಂತೆಯಾಗಿ ಮಾಡುವ ಪದ್ಧತಿ ಬಂತು. ಅಮೆರಿಕದವರು ಇದನ್ನು ಹಾರ್ನೆಸ್ ಎಂದರು; ಕುದುರೆಗೆ ಕಟ್ಟುವ ಸಾಜಿಗೂ ಅದೇ ಹೆಸರು. ಇಂಗ್ಲೆಂಡಿನವರು ಲೂಮ್ ಎಂದರು. ಅದು ನೇಕಾರನ ಮಗ್ಗದ ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಬರಿಯ ವೈರಿಂಗ್. ಮರದ ಹಲಗೆಯ ಮೇಲೆ ಕಾರಿನ ನಕ್ಷೆ ಬರೆದು, ತಿರುವು ಬರುವಲ್ಲೆಲ್ಲ ಗೂಟ ಹೊಡೆದು, ಆ ಗೂಟಗಳ ನಡುವೆ ತಂತಿ ಹಾಸಿ ಕಟ್ಟುವುದು ಇದರ ಕ್ರಮ. ಈ ಕೆಲಸ ಅಂದಿನಿಂದ ಇಂದಿನವರೆಗೂ ಬಹುಮಟ್ಟಿಗೆ ಕೈಗೆಲಸವಾಗಿಯೇ ಉಳಿದಿದೆ, ಅದರಲ್ಲಿಯೂ ಹೆಚ್ಚಾಗಿ ಹೆಂಗಸರ ಕೈಗೆಲಸ. ಕಾರಿನ ಮೈಯನ್ನು ಬೆಸೆಯಲು ಯಂತ್ರದ ತೋಳುಗಳು ಬಂದಿವೆ, ಬಣ್ಣ ಬಳಿಯಲೂ ಬಂದಿವೆ; ಬಾಗಿ ಬಳುಕುವ ತಂತಿಯನ್ನು ಹಿಡಿದು ಗೂಟಕ್ಕೆ ಸುತ್ತುವ ಬೆರಳಿಗೆ ಸಮನಾದ ಯಂತ್ರ ಸುಲಭವಾಗಿ ಸಿಕ್ಕಿಲ್ಲ. 2022ರಲ್ಲಿ ಯುಕ್ರೇನಿನ ಮೇಲೆ ರಷ್ಯ ದಂಡೆತ್ತಿ ಹೋದಾಗ ಜರ್ಮನಿಯ ದೊಡ್ಡ ದೊಡ್ಡ ಕಾರು ಕಾರ್ಖಾನೆಗಳು ಕೆಲವು ಕಾಲ ಕೈಕಟ್ಟಿ ಕುಳಿತದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಕಾರಣ ಉಕ್ಕಿನ ಅಭಾವವಲ್ಲ, ಎಂಜಿನ್ನಿನ ಅಭಾವವಲ್ಲ. ಅವರ ತಂತಿಯ ಕಂತೆಗಳು ಪಶ್ಚಿಮ ಯುಕ್ರೇನಿನ ಕಾರ್ಖಾನೆಗಳಲ್ಲಿ ಹೀಗೆ ಕೈಯಿಂದ ತಯಾರಾಗಿ ಬರುತ್ತಿದ್ದವು.

ನಮ್ಮ ದೇಶಕ್ಕೆ ಬಂದ ಹಳೆಯ ಕಾರುಗಳಲ್ಲಿ ಬ್ರಿಟಿಷ್ ಕಾರುಗಳು ಬಹಳ. ಅವುಗಳ ವಿದ್ಯುತ್ ಸಾಮಗ್ರಿಯ ಮೇಲೆ ಸಾಮಾನ್ಯವಾಗಿ ಕಾಣುವ ಹೆಸರು ಲೂಕಾಸ್. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಬೀದಿಯಲ್ಲಿ ಸೀಮೆಎಣ್ಣೆ ಮಾರಿ ಜೀವನ ಆರಂಭಿಸಿದವನು. ಎಣ್ಣೆಯಿಂದ ದೀಪಕ್ಕೆ, ದೀಪದಿಂದ ಸೈಕಲ್ಲಿನ ದೀಪಕ್ಕೆ ಬಂದ. 1902ರಲ್ಲಿ ತೀರಿಕೊಂಡ. ಅವನ ಮನೆತನದ ಕಾರ್ಖಾನೆ ಎರಡು ಮಹಾಯುದ್ಧಗಳ ನಡುವಣ ಅವಧಿಯಲ್ಲಿ ಇಂಗ್ಲೆಂಡಿನ ಕಾರುಗಳಿಗೆ ಡೈನಮೋ, ಸೆಲ್ಫ್, ದೀಪ, ಸ್ವಿಚ್ಚುಗಳನ್ನು ಒದಗಿಸುವ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. 1961ರಲ್ಲಿ ಮದರಾಸಿನಲ್ಲಿ ಟಿ.ವಿ.ಎಸ್. ಸಂಸ್ಥೆಯೊಡನೆ ಸೇರಿ ಲೂಕಾಸ್-ಟಿ.ವಿ.ಎಸ್. ಆದದ್ದೂ ಇದೇ ಮನೆತನ.

ಲೂಕಾಸ್ ಕಂತೆಯ ಸೊಗಸಿರುವುದು ಅದರ ಬಣ್ಣಗಳಲ್ಲಿ. ಇಲ್ಲಿ ಸ್ವಲ್ಪ ನಿಂತು ನೋಡೋಣ; ಹಳೆಯ ಕಾರಿನ ಕೆಲಸಕ್ಕೆ ಕೈಹಾಕುವವರಿಗೆ ಇದು ಅಕ್ಷರಾಭ್ಯಾಸವಿದ್ದಂತೆ. ಕಂದು ಬಣ್ಣದ ತಂತಿ ಬ್ಯಾಟರಿಯಿಂದ ನೇರವಾಗಿ ಬರುವುದು. ಬೀಗದ ಕೈ ನಿಮ್ಮ ಜೇಬಿನಲ್ಲಿದ್ದರೂ ಅದರಲ್ಲಿ ಜೀವವಿದೆ. ಬಿಳಿಯದು ಕೀಲಿ ತಿರುಗಿಸಿದ ಮೇಲೆ ಮಾತ್ರ ಎಚ್ಚರಗೊಳ್ಳುತ್ತದೆ. ಕಾಯಿಲ್ಲಿಗೆ ಹೋಗುವುದು ಅದು. ಆ ಬಿಳಿಯದು ಫ್ಯೂಸನ್ನು ದಾಟಿ ಆಚೆ ಬಂದರೆ ಹಸಿರಾಗುತ್ತದೆ. ಫ್ಯೂಸು ದಾಟಿದ್ದು, ಆದರೆ ಕೀಲಿಯ ಹಂಗಿಲ್ಲದ್ದು, ನೇರಳೆ, ಹಾರನ್ನಿಗೆ ಅದು. ಮುಂದಿನ ದೊಡ್ಡ ದೀಪಕ್ಕೆ ನೀಲಿ. ಹಿಂದಿನ ದೀಪ ಹಾಗೂ ಬದಿದೀಪಕ್ಕೆ ಕೆಂಪು. ಹಳದಿ ಡೈನಮೋದ್ದು. ಕಪ್ಪು ಅರ್ತು. ಇಷ್ಟು ಮೂಲ ಬಣ್ಣಗಳು. ಇವುಗಳ ಮೇಲೆ ಇನ್ನೊಂದು ಬಣ್ಣದ ಎಳೆಯನ್ನು ಹೊಂದಿಸಿದರೆ ವಂಶ ತಿಳಿಯುತ್ತದೆ. ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ದೂರದ ಬೆಳಕು, ನೀಲಿಯ ಮೇಲೆ ಕೆಂಪು ಗೆರೆ ಇದ್ದರೆ ತಗ್ಗಿಸಿದ ಬೆಳಕು. ಹಸಿರಿನ ಮೇಲೆ ಕೆಂಪು ಎಡಗಡೆಯ ಸೂಚಕ, ಹಸಿರಿನ ಮೇಲೆ ಬಿಳಿ ಬಲಗಡೆಯದು, ಹಸಿರಿನ ಮೇಲೆ ನೇರಳೆ ಬ್ರೇಕಿನ ದೀಪ. ಮೂಲ ಬಣ್ಣ ಮನೆತನದ ಹೆಸರು, ಗೆರೆಯ ಬಣ್ಣ ಅವರವರ ಸ್ವಂತ ಹೆಸರು ಎಂದುಕೊಳ್ಳಿ. ಇದನ್ನು ಬಲ್ಲವನು ನಕ್ಷೆಯಿಲ್ಲದೆಯೇ ಕತ್ತಲಲ್ಲಿ ಒಂದು ಟಾರ್ಚು ಹಿಡಿದು ಕಾರನ್ನು ಓದಬಲ್ಲ. ಮುಂದೆ ಈ ಪದ್ಧತಿ ಬ್ರಿಟಿಷ್ ಮಾನದಂಡವೇ ಆಯಿತು. ಜರ್ಮನರು ತಮ್ಮ ಸ್ವಭಾವಕ್ಕೆ ತಕ್ಕಂತೆ ಬಣ್ಣಕ್ಕಿಂತ ಅಂಕಿಯನ್ನು ನೆಚ್ಚಿದರು: ಬ್ಯಾಟರಿಗೆ 30, ಕೀಲಿಗೆ 15, ಅರ್ತಿಗೆ 31, ಸೆಲ್ಫಿಗೆ 50. ಇಂದಿಗೂ ರಿಲೇ ಕೊಳ್ಳಲು ಹೋದಾಗ ಅಂಗಡಿಯವನು ಹೇಳುವ 30, 87, 85, 86 ಅಲ್ಲಿಂದ ಬಂದವು.

ಇಷ್ಟು ವಿಚಾರವಂತಿಕೆಯಿಂದ ಕಟ್ಟಿದ ಕಂತೆ ಸಾಯುವುದೇಕೆ? ತಾಮ್ರ ಬೇಗ ಸಾಯುವುದಿಲ್ಲ. ಸಾಯುವುದು ಅದರ ಅಂಗಿ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಬಿಸಿಲಿಗೆ ಕರಗದೆ ಚಳಿಗೆ ಬಿರಿಯದೆ ಉಳಿಯುತ್ತದೆಂದು ಕಂಡುಕೊಂಡ. ವಿದ್ಯುತ್ ತಂತಿಗೆ ಆ ರಬ್ಬರು ಬಹಳ ಕಾಲ ಅಂಗಿಯಾಯಿತು. ಆದರೆ ಅದೇ ಗಂಧಕ ತಾಮ್ರದ ಶತ್ರು, ತಾಮ್ರವನ್ನು ಕಪ್ಪುಗಟ್ಟಿಸುತ್ತದೆ. ಆದಕಾರಣ ತಾಮ್ರಕ್ಕೆ ಮೊದಲು ತವರದ ಕಲಾಯಿ ಮಾಡಿ ಅನಂತರ ರಬ್ಬರು ಹೊದಿಸುವ ಪರಿಪಾಠವಿತ್ತು. ಇಷ್ಟಾದರೂ ಗಾಳಿಯ ಆಮ್ಲಜನಕ ರಬ್ಬರನ್ನು ಬಿಡುವುದಿಲ್ಲ. ವರ್ಷ ಕಳೆದಂತೆ ಅದು ಗಡುಸಾಗಿ ಬಿರುಕು ಬಿಡುತ್ತದೆ. ಎಣ್ಣೆ ತಾಗಿದ ಕಡೆ ಇದಕ್ಕೆ ವಿರುದ್ಧವಾಗಿ ಉಬ್ಬಿ ಮೆತ್ತಗಾಗುತ್ತದೆ. ಹೊರಗಿನ ನೂಲಿನ ಹೆಣಿಗೆ ನೀರನ್ನು ಬತ್ತಿಯಂತೆ ಹೀರಿಕೊಳ್ಳುತ್ತದೆ. ಅಮೆರಿಕದ ವಾಲ್ಡೊ ಸೆಮನ್ 1926ರಲ್ಲಿ ಪಿ.ವಿ.ಸಿ.ಯನ್ನು ಮೆದುವಾಗಿಸುವ ಉಪಾಯ ಕಂಡುಹಿಡಿದ ಮೇಲೆ ಈ ಪಾಡಿಗೆ ಪರಿಹಾರ ದೊರೆಯಿತಾದರೂ, ಅದು ಬ್ರಿಟಿಷ್ ಕಾರುಗಳಲ್ಲಿ ರಬ್ಬರಿನ ಸ್ಥಾನವನ್ನು ಹಿಡಿಯುವ ವೇಳೆಗೆ ಎರಡನೆಯ ಮಹಾಯುದ್ಧ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಪಿ.ವಿ.ಸಿ.ಗೂ ಒಂದು ದೋಷವುಂಟು. ಒಂದು ತಂತಿ ಕೆಂಡವಾದರೆ ಅದರ ಅಂಗಿ ಕರಗಿ ಪಕ್ಕದವುಗಳ ಅಂಗಿಯನ್ನೂ ಕರಗಿಸುತ್ತದೆ. ಕಂತೆಯೆಂದರೆ ಒಬ್ಬರನ್ನೊಬ್ಬರು ಅಪ್ಪಿಕೊಂಡು ಮಲಗಿದವರ ಸಾಲು.

ಕಂತೆ ಎಲ್ಲೆಡೆಯೂ ಒಂದೇ ಸಮನಾಗಿ ಹಾಳಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಡ್ಯಾಷ್‌ಬೋರ್ಡಿನ ಹಿಂದೆ ಚೆನ್ನಾಗಿಯೇ ಇರಬಹುದು. ಡೈನಮೋ ಬಳಿ, ಎಂಜಿನ್ನಿನ ಗೋಡೆಯ ತೂತಿನಲ್ಲಿ, ಡಿಕ್ಕಿಯ ಬಾಗಿಲು ಮಡಚುವಲ್ಲಿ, ಸ್ಟೀರಿಂಗ್ ಕಂಬದ ಬುಡದಲ್ಲಿ ಅದು ಮೊದಲು ಹಾಳು. ಹಾಗೆಯೇ ಬಣ್ಣಗಳು ಮಾಸಿ ಎಲ್ಲವೂ ಒಂದೇ ಮಣ್ಣುಬಣ್ಣವಾಗಿ ಕಂಡಾಗ ಎದೆಗುಂದಬೇಕಾಗಿಲ್ಲ. ಕಂತೆಯ ನಡುಭಾಗದಲ್ಲಿ ಮೇಲಿನ ಹೆಣಿಗೆಯನ್ನು ಜಾಗರೂಕತೆಯಿಂದ ಸೀಳಿದರೆ, ಬೆಳಕು ಎಣ್ಣೆಗಳು ಮುಟ್ಟದ ಆ ಜಾಗದಲ್ಲಿ ನೀಲಿ ನೀಲಿಯಾಗಿ, ಹಸಿರು ಹಸಿರಾಗಿ ಕಾಣಿಸುತ್ತವೆ.

ಲೂಕಾಸನ್ನು ಕುರಿತ ಹಾಸ್ಯಗಳಿಗೆ ಲೆಕ್ಕವಿಲ್ಲ. ಕತ್ತಲೆಯ ರಾಜಕುಮಾರ ಎಂಬ ಬಿರುದನ್ನೇ ಇಂಗ್ಲಿಷ್ ಬಲ್ಲ ಹವ್ಯಾಸಿಗಳು ಕೊಟ್ಟಿದ್ದಾರೆ. ನನಗೆ ಇದು ಅರ್ಧ ಅನ್ಯಾಯವಾಗಿ ತೋರುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಎರಡು ಹೆಡ್‌ಲೈಟುಗಳಿಗೆ ತಲಾ 42 ವಾಟಿನ ಬಲ್ಬು ಎಂದರೆ ಒಟ್ಟು 84 ವಾಟು. 12 ವೋಲ್ಟಿನಲ್ಲಿ ಪ್ರವಾಹ 7 ಆಂಪಿಯರು. ಲೂಕಾಸ್ ಕಂತೆಗಳು ಒಂದನ್ನೊಂದು ಕೂಡುವುದು ಹಿತ್ತಾಳೆಯ ಗುಂಡುಗಳಿಂದ. ತಂತಿಯ ತುದಿಗೆ ಬೆಸೆದ ಗುಂಡನ್ನು ರಬ್ಬರಿನ ತೋಳಿನೊಳಗಿನ ಕೊಳವೆಗೆ ಒತ್ತುತ್ತಾರೆ. ಅಲ್ಲಿ ಕಿಲುಬು ಹಿಡಿದು ಬರಿಯ 0.2 ಓಮಿನ ಅಡ್ಡಿ ಉಂಟಾಯಿತೆನ್ನಿ. ಏಳು ಆಂಪಿಯರು ಅದರಲ್ಲಿ ಹಾಯುವಾಗ 1.4 ವೋಲ್ಟು ಅಲ್ಲಿಯೇ ಸೋರಿಹೋಗುತ್ತದೆ. ಬಲ್ಬಿಗೆ ಉಳಿಯುವುದು 10.6. ವೋಲ್ಟು ತುಸುವೇ ಇಳಿದರೂ ತಂತುದೀಪದ ಬೆಳಕು ಬಹಳ ಇಳಿಯುತ್ತದೆ. ಇಷ್ಟಕ್ಕೇ ಮೂರರಲ್ಲಿ ಒಂದು ಪಾಲು ಬೆಳಕು ಮಾಯ. ಜೊತೆಗೆ ಆ ಒಂದು ಗುಂಡಿನಲ್ಲಿ ಸುಮಾರು ಹತ್ತು ವಾಟಿನ ಕಾವು. ಬಲ್ಬು ಹೊಸದು, ಬ್ಯಾಟರಿ ಹೊಸದು, ಆದರೂ ದೀಪ ಬುಡ್ಡಿಯಂತೆ ಉರಿಯುತ್ತದೆ, ಬೈಗುಳವೆಲ್ಲ ಲೂಕಾಸಿಗೆ. ನಲವತ್ತು ವರ್ಷ ತಿರುಗಿ ನೋಡದ ಕೂಡುಗುಂಡಿನ ದೋಷವನ್ನು ಅದನ್ನು ತಯಾರಿಸಿದವನ ತಲೆಗೇ ಕಟ್ಟುವುದು ಸರಿಯಲ್ಲ.

ಲೂಕಾಸಿನ ಮೇಲೆಯೂ ಕಾರಿನ ಕಾರ್ಖಾನೆಗಳ ಮೇಲೆಯೂ ಹೊರಿಸಬಹುದಾದ ನಿಜವಾದ ಅಪವಾದ ಬೇರೆಯೊಂದಿದೆ. ಅದು ಫ್ಯೂಸಿನ ಜಿಪುಣತನ. 1948ರಲ್ಲಿ ಹೊರಬಂದ, ಅಲೆಕ್ ಇಸಿಗೋನಿಸ್ ರೂಪಿಸಿದ ಮೋರಿಸ್ ಮೈನರ್ ಕಾರನ್ನೇ ತೆಗೆದುಕೊಳ್ಳಿ. ಇಡೀ ಕಾರಿಗೆ ಎರಡೇ ಎರಡು ಫ್ಯೂಸು. ಬ್ಯಾಟರಿಯಿಂದ ಕಟೌಟಿಗೆ, ಅಲ್ಲಿಂದ ಕೀಲಿಗೂ ದೀಪದ ಸ್ವಿಚ್ಚಿಗೂ ಹೋಗುವ ಕಂದು ತಂತಿಗೆ ಯಾವ ಕಾವಲೂ ಇಲ್ಲ. ಹೆಡ್‌ಲೈಟಿಗೂ ಇಲ್ಲ. ಕತ್ತಲಲ್ಲಿ ಫ್ಯೂಸು ಹೋಗಿ ಎರಡು ದೀಪವೂ ಒಟ್ಟಿಗೆ ಆರಿದರೆ ಚಾಲಕನ ಗತಿ ಏನು ಎಂಬ ಸಮಾಧಾನ ಅದಕ್ಕುಂಟು. ಅಂಗಿ ಗಟ್ಟಿಯಾಗಿರುವ ತನಕ ಆ ಸಮಾಧಾನವನ್ನು ಒಪ್ಪಬಹುದು. ಎಪ್ಪತ್ತು ವರ್ಷದ ರಬ್ಬರಿಗೆ ಅದು ಹೊಂದುವುದಿಲ್ಲ. ಹಳೆಯ ಕಾರು ನಿಂತಲ್ಲೇ ಹೊತ್ತಿಕೊಂಡಿತು ಎಂದು ಕೇಳಿದಾಗ, ಪೆಟ್ರೋಲಿನ ಪೈಪಿನಷ್ಟೇ ಸಂಶಯ ಈ ಕಂದು ತಂತಿಯ ಮೇಲೂ ಇರಬೇಕು.

ಹೀಗಾಗಿ ಬದಲಿಸಲೇಬೇಕು. ಅಲ್ಲಲ್ಲಿ ಟೇಪು ಸುತ್ತಿ ದಿನ ನೂಕುವುದು ಹಳೆಯ ಬಟ್ಟೆಗೆ ಹೊಸ ತೇಪೆ ಹಾಕಿದಂತೆ. ಹೊಲಿಗೆ ಹಾಕಿದ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಹೇಗೆ ಬದಲಿಸಬೇಕೆಂಬುದರಲ್ಲಿ ಮಾತ್ರ ವಿವೇಕ ಬೇಕು.

ನಮ್ಮಲ್ಲಿ ನಡೆದುಬಂದ ರೀತಿ ಒಂದುಂಟು. ಹಿಂದೂಸ್ತಾನ್ ಮೋಟಾರ್ಸಿನವರು ಮೋರಿಸ್ ಮೈನರನ್ನು ಬೇಬಿ ಹಿಂದೂಸ್ತಾನ್ ಎಂದೂ, ಮೋರಿಸ್ ಆಕ್ಸ್‌ಫರ್ಡಿನ ಎರಡನೆಯ ಮಾದರಿಯನ್ನು ಲ್ಯಾಂಡ್‌ಮಾಸ್ಟರ್ ಎಂದೂ ಹೊರತಂದರು. ಅದರ ಮೂರನೆಯ ಮಾದರಿ ಅಂಬಾಸಡರ್ ಆಗಿ, 2014ರ ತನಕ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಲೇ ಇತ್ತು. ಈ ಕಾರುಗಳ ವೈರಿಂಗ್ ಕೆಟ್ಟಾಗ ಬಿಡಿಭಾಗ ಸಿಗುವುದು ದುಸ್ತರವಾಗಿದ್ದ ಕಾಲದಲ್ಲಿ, ಊರಿನ ಎಲೆಕ್ಟ್ರಿಷಿಯನ್ ಕೈಗೆ ಸಿಕ್ಕ ಕೆಂಪು ತಂತಿಯ ಒಂದೇ ಸುರುಳಿಯಿಂದ ಇಡೀ ಕಾರನ್ನು ಎಬ್ಬಿಸಿಬಿಡುತ್ತಿದ್ದ. ಅಂಥವರ ಕೈಗುಣವಿಲ್ಲದಿದ್ದರೆ ಇಂದು ದುರಸ್ತಿಗೆ ಉಳಿದಿರುವ ಕಾರುಗಳಲ್ಲಿ ಎಷ್ಟೋ ಗುಜರಿ ಸೇರಿರುತ್ತಿದ್ದವು. ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಎಲ್ಲವೂ ಕೆಂಪಾದಾಗ ಕಾರು ತನ್ನ ಭಾಷೆಯನ್ನು ಕಳೆದುಕೊಳ್ಳುತ್ತದೆ. ಮುಂದೆ ಬರುವ ಮೆಕ್ಯಾನಿಕ್ಕಿಗೆ ಅದು ಮೂಕಕಾರು.

ಸರಿಯಾದ ಕ್ರಮ ಹೀಗೆ. ಮೊದಲು ಬ್ಯಾಟರಿಯನ್ನು ಬಿಚ್ಚಿ ಹೊರಗಿಡಬೇಕು. ತಂತಿಯೊಂದನ್ನೂ ಮುಟ್ಟುವ ಮುನ್ನ ಪ್ರತಿ ಜಾಗದ ಛಾಯಾಚಿತ್ರ ತೆಗೆದುಕೊಳ್ಳಬೇಕು, ಪ್ರತಿ ತುದಿಗೂ ಚೀಟಿ ಕಟ್ಟಬೇಕು: ಇದು ಎಲ್ಲಿಂದ ಕಳಚಿದ್ದು, ಯಾವ ತಿರುಪಿನ ಕೆಳಗಿತ್ತು ಎಂದು. ಕಂತೆಯನ್ನು ಕತ್ತರಿಸದೆ ಹೊರತೆಗೆಯಬೇಕು. ಬಾಗಿಲ ಕಂಬದೊಳಗೋ ಚಾವಣಿಯೊಳಗೋ ಹೊಕ್ಕ ತುದಿಗೆ ಗಟ್ಟಿ ದಾರ ಕಟ್ಟಿ ಎಳೆದರೆ, ಹಳೆಯ ತಂತಿ ಹೊರಬಂದಾಗ ದಾರ ಒಳಗೆ ಉಳಿದು, ಹೊಸದನ್ನು ಅದೇ ದಾರಿಯಲ್ಲಿ ಎಳೆದುಕೊಳ್ಳಲು ನೆರವಾಗುತ್ತದೆ; ಲಂಗಕ್ಕೆ ಲಾಡಿ ಹಾಕುವ ಉಪಾಯವೇ. ಹೊರತೆಗೆದ ಕಂತೆಯನ್ನು ನೆಲದ ಮೇಲೆ ಕಾರಿನೊಳಗೆ ಇದ್ದಂತೆಯೇ ಹಾಸಿ, ಉದ್ದಗಳನ್ನು ಅಳೆದು ಬರೆದುಕೊಳ್ಳಬೇಕು. ಹೊಸ ಕಂತೆಯನ್ನು ತರಿಸುವವರು, ಒಳಗೆ ಪಿ.ವಿ.ಸಿ. ಅಂಗಿ, ಹೊರಗೆ ಹಳೆಯ ಮಾದರಿಯ ನೂಲಿನ ಹೆಣಿಗೆ ಇರುವಂಥದನ್ನು ಆರಿಸಿಕೊಳ್ಳಬಹುದು. ಇಂಗ್ಲೆಂಡಿನಲ್ಲಿ ಇಂಥವನ್ನೇ ನೇಯುವ ಕಸುಬುದಾರರು ಇದ್ದಾರೆ. ಸ್ವತಃ ಕಟ್ಟುವವರು ತಂತಿಯ ಗಾತ್ರದಲ್ಲಿ ಜಿಪುಣರಾಗಕೂಡದು. ಬದಿದೀಪಕ್ಕೆ 0.30 ಮಿಲಿಮೀಟರಿನ 14 ಎಳೆಗಳ ತಂತಿ ಸಾಕು; ಹೆಡ್‌ಲೈಟಿಗೆ 28 ಎಳೆ; ಕಂದು ತಂತಿಗೆ 44 ಎಳೆಗೆ ಕಡಮೆಯಿಲ್ಲದಂತೆ ಇರಲಿ. ತಗಡಿನ ತೂತುಗಳಲ್ಲಿ ರಬ್ಬರಿನ ಬಳೆ ಹೊಸದಾಗಿ ಹಾಕದಿದ್ದರೆ, ತಗಡಿನ ಅಂಚು ಹೊಸ ತಂತಿಯನ್ನೂ ಗರಗಸದಂತೆ ಕೊಯ್ಯುತ್ತದೆ.

ಬಣ್ಣ ಹೊಡೆಸಿದ ಕಾರಿನಲ್ಲಿ ಒಂದು ವಿಚಿತ್ರ ಕಾಣುವುದುಂಟು. ತಂತಿಯೆಲ್ಲ ಹೊಸದು, ಆದರೂ ಬ್ರೇಕು ಒತ್ತಿದರೆ ಸೂಚಕ ದೀಪ ಮಿನುಗುತ್ತದೆ, ಹಾರನ್ನು ಕೂಗದೆ ನರಳುತ್ತದೆ. ಹೊಸ ಬಣ್ಣ ಅರ್ತಿನ ತಿರುಪುಗಳ ಕೆಳಗೂ ಕುಳಿತಿರುವುದೇ ಇದಕ್ಕೆ ಕಾರಣ. ಮೈಯ ದಾರಿ ಮುಚ್ಚಿದ ಪ್ರವಾಹ ಪಕ್ಕದ ದೀಪದ ಮೂಲಕ ನುಸುಳಿ ಹೋಗುತ್ತದೆ. ಎಂಜಿನ್ನಿಗೂ ಮೈಗೂ ನಡುವಣ ಅರ್ತಿನ ಪಟ್ಟಿಯನ್ನು ಹಾಕಲು ಮರೆತರಂತೂ ಸೆಲ್ಫಿನ ನೂರಾರು ಆಂಪಿಯರು ಚೋಕಿನ ತಂತಿಯನ್ನೋ ಆಕ್ಸಿಲೇಟರಿನ ತಂತಿಯನ್ನೋ ಹಿಡಿದು ಹೋಗಿ ಅದನ್ನು ಕೆಂಪಗೆ ಕಾಯಿಸಿಬಿಡುತ್ತದೆ. ಆ ತಿರುಪುಗಳ ಕೆಳಗೆ ಉಕ್ಕು ಹೊಳೆಯುವ ತನಕ ಉಜ್ಜಲೇಬೇಕು.

ಇನ್ನೊಂದು ಎಚ್ಚರಿಕೆ ಬ್ಯಾಟರಿಯ ದಿಕ್ಕಿನದು. 1930ರ ದಶಕದ ನಡುವಿನಿಂದ 1960ರ ದಶಕದ ಕೊನೆಯವರೆಗೆ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಮೈಗೆ ಬಿಗಿಯುತ್ತಿದ್ದುದು ಬ್ಯಾಟರಿಯ ಧನ ಕೊನೆ, ಋಣ ಕೊನೆಯಲ್ಲ. ಬಲ್ಬಿಗೆ ಯಾವ ದಿಕ್ಕಾದರೂ ಒಂದೇ. ಆದರೆ ಟ್ರಾನ್ಸಿಸ್ಟರಿನ ಕಾರ್ ರೇಡಿಯೋ ಹಾಗಲ್ಲ. ದಿಕ್ಕು ತಪ್ಪಿದರೆ ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಡೈನಮೋ ಹೋಗಿ ಆಲ್ಟರ್ನೇಟರ್ ಬಂದಾಗ, ಅದರೊಳಗಿನ ಡಯೋಡುಗಳಿಗೂ ದಿಕ್ಕಿನ ನಿರ್ಬಂಧ ಇದ್ದುದರಿಂದ, ಇಂಗ್ಲೆಂಡಿನವರೂ ಉಳಿದ ಪ್ರಪಂಚದಂತೆ ಋಣಕ್ಕೆ ಮರಳಿದರು. ಜೆ.ಸಿ. ರಸ್ತೆಯಿಂದ ಆಲ್ಟರ್ನೇಟರ್ ತಂದು ಹಳೆಯ ಕಾರಿಗೆ ಕೂಡಿಸುವವರು ಈ ಇತಿಹಾಸವನ್ನು ನೆನಪಿನಲ್ಲಿಡದಿದ್ದರೆ ದಂಡ ತೆರಬೇಕಾಗುತ್ತದೆ.

ಆಲ್ಟರ್ನೇಟರ್ ಹಾಕಬಹುದೇ, ಹೆಚ್ಚು ಫ್ಯೂಸು ಕೂಡಿಸಬಹುದೇ ಎಂಬ ಪ್ರಶ್ನೆಗೆ ಶುದ್ಧಾಚಾರದವರು ಕೂಡದು ಎನ್ನುತ್ತಾರೆ. 2021ರಲ್ಲಿ ನಮ್ಮ ಕೇಂದ್ರ ಸರ್ಕಾರ 50 ವರ್ಷಕ್ಕಿಂತ ಹಳೆಯ ವಾಹನಗಳಿಗೆ ‘ವಿಎ’ ಎಂಬ ಅಕ್ಷರಗಳ ಪ್ರತ್ಯೇಕ ನೋಂದಣಿಯನ್ನು ಜಾರಿಗೆ ತಂದಾಗ ಮೂಲರೂಪವನ್ನು ಕೆಡಿಸಿರಬಾರದೆಂದಿತು. ಷಾಸಿ, ಮೈ, ಎಂಜಿನ್ನುಗಳ ಮಾರ್ಪಾಟನ್ನು ಹೆಸರಿಸಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಒಪ್ಪಿದ, ಇಟಲಿಯ ಟ್ಯುರಿನ್ ನಗರದ ಹೆಸರಿನ ಸನ್ನದಿನ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಸುರಕ್ಷತೆಗೆ ಬೇಕಾದ ಬದಲಾವಣೆ ಮಾಡಿ. ಆದರೆ ಮತ್ತೆ ಹಿಂತೆಗೆಯುವಂತೆ ಮಾಡಿ, ಮಾಡಿದ್ದನ್ನು ಬರೆದಿಡಿ ಎಂಬುದು ಅದರ ತಾತ್ಪರ್ಯ. ಕಂದು ತಂತಿಯ ಬುಡದಲ್ಲಿ ಒಂದು ಫ್ಯೂಸು, ಬ್ಯಾಟರಿಯ ಬಳಿ ಒಂದು ಕೈಸ್ವಿಚ್ಚು, ಇವೆರಡರಿಂದ ಕಾರಿನ ಮಾನವೇನೂ ಹೋಗದು. ನಾಳೆ ಬೇಡವೆಂದರೆ ಎರಡು ತಿರುಪು ಬಿಚ್ಚಿ ತೆಗೆಯಬಹುದು.

ಹೊರತೆಗೆದ ಹಳೆಯ ಕಂತೆಯನ್ನು ಮಾತ್ರ ಗುಜರಿಗೆ ಹಾಕಬೇಡಿ. ತಾಮ್ರದ ಬೆಲೆ ಎಷ್ಟು ಬರುತ್ತದೆಂದು ಗುಜರಿಯವನು ಆಸೆ ತೋರಿಸುತ್ತಾನೆ. ಆ ಕಂತೆ ಕಾರಿನ ಜಾತಕ. ಮೋರಿಸ್ ಮೈನರ್ ಕಾರಿನ ಬದಿಯ ಕಂಬದಿಂದ, ತಿರುಗುವಾಗ ಹೊರಗೆ ಚಾಚಿಕೊಳ್ಳುವ ಪುಟ್ಟ ದೀಪದ ಕೈಗಳಿದ್ದವು. 1961ರಲ್ಲಿ ಅವು ಹೋಗಿ ಮಿನುಗುದೀಪ ಬಂದವು. ಯಾರೋ ಒಬ್ಬ ಮಾಲೀಕ ಹಳೆಯ ಕಾರಿಗೇ ಮಿನುಗುದೀಪ ಹಾಕಿಸಿದ್ದರೆ, ಆ ಕೈಗಳ ತಂತಿ ಕಂಬದೊಳಗೆ ಇನ್ನೂ ಮಲಗಿರುತ್ತದೆ. ಪಕ್ಕದಲ್ಲಿ ಬೇರೆ ಬಣ್ಣದ ಹೊಸ ತಂತಿ ಹಾದಿರುತ್ತದೆ. ರೇಡಿಯೋ ಹಾಕಿಸಿದ ವರ್ಷ, ಎರಡನೆಯ ಹಾರನ್ನು ಕೂಡಿಸಿದ ಪ್ರಸಂಗ, ಹೆದ್ದಾರಿಯ ರಾತ್ರಿ ಪ್ರಯಾಣಕ್ಕೆಂದು ಜೋಡಿಸಿದ ಮಂಜಿನ ದೀಪ, ಎಲ್ಲವೂ ಅಲ್ಲಿ ಗಂಟುಗಳಾಗಿ ಕುಳಿತಿರುತ್ತವೆ. ಕಾರ್ಖಾನೆಯ ನಕ್ಷೆ ಇಂಥ ಮಾದರಿಯ ಕಾರು ಹೇಗಿರಬೇಕಿತ್ತೆಂಬುದನ್ನು ಹೇಳುತ್ತದೆ. ನಿಮ್ಮ ಕಾರು ಹೇಗಿತ್ತೆಂಬುದನ್ನು ಹೇಳುವುದು ಈ ಕಂತೆ ಒಂದೇ. ಚೀಟಿಗಳ ಸಮೇತ ಒಂದು ಗೋಣಿಚೀಲದಲ್ಲಿ ಕಟ್ಟಿ, ಇಲಿಗೆ ಸಿಗದಂತೆ ಎತ್ತಿಡಿ.

ಕೊನೆಗೆ ಹೊಸ ವೈರಿಂಗಿಗೆ ಬ್ಯಾಟರಿ ಕೂಡಿಸುವ ಘಳಿಗೆ. ಆಗ ಅವಸರ ಬೇಡ. ಬ್ಯಾಟರಿಯ ಒಂದು ಕೊನೆಯನ್ನು ಬಿಗಿದು, ಇನ್ನೊಂದು ಕೊನೆಗೂ ಅದರ ದಪ್ಪ ಕೇಬಲಿಗೂ ನಡುವೆ 12 ವೋಲ್ಟಿನ 21 ವಾಟಿನ ಬಲ್ಬೊಂದನ್ನು ಸಿಕ್ಕಿಸಿ. ಎಲ್ಲ ಸ್ವಿಚ್ಚುಗಳೂ ಆರಿರಲಿ, ಬಾಗಿಲುಗಳು ಮುಚ್ಚಿರಲಿ. ಬಲ್ಬು ಪೂರ್ತಿಯಾಗಿ ಬೆಳಗಿದರೆ ಎಲ್ಲೋ ಒಂದು ತಂತಿ ಮೈಗೆ ತಾಗಿದೆ. ಬಲ್ಬು ಅಡ್ಡ ನಿಂತಿರುವುದರಿಂದ ತಂತಿ ಸುಡುವುದಿಲ್ಲ, ನಿಧಾನವಾಗಿ ಹುಡುಕಬಹುದು. ಬಲ್ಬು ಕಪ್ಪಾಗಿಯೇ ಇದ್ದರೆ ಒಂದೊಂದಾಗಿ ಸ್ವಿಚ್ಚು ಹಾಕುತ್ತ ಬನ್ನಿ. ಬದಿದೀಪ ಹಾಕಿದಾಗ ಎರಡೂ ಕಡೆ ಮಂದವಾಗಿ ಬೆಳಗಬೇಕು. ಹಾರನ್ನು ಒತ್ತಿದಾಗ ಬಲ್ಬು ಬೆಳಗಿ ಹಾರನ್ನು ಬರಿದೇ ಟಿಕ್ಕೆನ್ನುವುದು ಸಹಜ. ಇಷ್ಟು ಆದಮೇಲೆ ಬಲ್ಬನ್ನು ತೆಗೆದು ಕೇಬಲನ್ನು ಅದರ ಜಾಗಕ್ಕೆ ಬಿಗಿಯಿರಿ.